ಏಳನೇ ಕ್ಲಾಸಿನ ನಗೆ ಕಾದಂಬರಿ: ಮಾತಿನ ಚಿತ್ರ, ಗೆರೆಯ ಚಿತ್ರ ಎರಡನ್ನೂ ಹೊಂದಿಸುವ ಬಗೆ

ಡೈರಿ ಬರೆಯುವ ಹುಡುಗ ‘ಯಾರಿಗೂ ಗೊತ್ತಾಗದ ಹಾಗೆ ಕ್ಲಾಸಿಗೆ ನುಸುಳಿದೆ’ ಅನ್ನುತ್ತಾನೆ. ಕೆಳಗಿನ ಚಿತ್ರದಲ್ಲಿ ನಲವತ್ತು ತಲೆಗಳೂ ಬಾಗಿಲ ಕಡೆ ತಿರುಗಿವೆ, ಮೇಷ್ಟ್ರ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ಅರ್ಧಕ್ಕೇ ನಿಂತಿದೆ, ಹುಡುಗನ ಒಂದು ಚಪ್ಪಲಿ ಹೊಸ್ತಿಲ ಆಚೆ ಉಳಿದಿದೆ. ವಾಕ್ಯ ಮಾತ್ರ ಓದಿದರೆ ಸಪ್ಪೆ. ಚಿತ್ರ ಮಾತ್ರ ನೋಡಿದರೆ ತಡವಾಗಿ ಬಂದ ಹುಡುಗ, ಅಷ್ಟೆ. ಎರಡೂ ಒಂದಕ್ಕೊಂದು ಒಪ್ಪದೆ ಜಗಳಕ್ಕೆ ನಿಂತಾಗ ನಗು ಹುಟ್ಟುತ್ತದೆ.

ಮಾಧ್ಯಮಿಕ ಶಾಲೆಯ ವಯಸ್ಸಿನ, ಅಂದರೆ ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗಾಗಿ ಬರೆಯುವ ಸಚಿತ್ರ ನಗೆ ಕಾದಂಬರಿಯ ಇಡೀ ಕಸುಬು ಈ ಜಗಳದಲ್ಲಿದೆ. ಹೋಲಿಕೆ, ವರ್ಣನೆಗಳಿಂದ ಕಟ್ಟುವ ಮಾತಿನ ಚಿತ್ರ ಒಂದು ಕಡೆ, ಪೆನ್ನಿನಿಂದ ಬಿಡಿಸುವ ಗೆರೆಯ ಚಿತ್ರ ಇನ್ನೊಂದು ಕಡೆ. ಒಂದೇ ಕೆಲಸವನ್ನು ಎರಡಕ್ಕೂ ಹಚ್ಚಿದರೆ ಪುಟ ಸತ್ತಂತೆ. ಯಾವುದಕ್ಕೆ ಯಾವ ಕೆಲಸ, ಎಷ್ಟು, ಎಲ್ಲಿ ಎನ್ನುವುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಶಾಲೆ ಯಾವುದೆಂದು ಮೊದಲು ತೀರ್ಮಾನಿಸಿ

ಈ ಪ್ರಕಾರ ಜನಪ್ರಿಯವಾದದ್ದು ಅಮೆರಿಕದಲ್ಲಿ. ಜೆಫ್ ಕಿನ್ನಿಯವರ ‘ಡೈರಿ ಆಫ್ ಎ ವಿಂಪಿ ಕಿಡ್’ 2004ರಲ್ಲಿ ಅಂತರ್ಜಾಲದಲ್ಲಿ ಬರತೊಡಗಿ 2007ರಲ್ಲಿ ಪುಸ್ತಕವಾಯಿತು. ಆಮೇಲೆ ಬಂದ ಇಂಥ ಪುಸ್ತಕಗಳಿಗೆ ಲೆಕ್ಕವಿಲ್ಲ. ಅಲ್ಲಿನ ಮಿಡಲ್ ಸ್ಕೂಲ್ ಎಂದರೆ ಸಾಮಾನ್ಯವಾಗಿ ಆರರಿಂದ ಎಂಟನೇ ತರಗತಿ. ಗಂಟೆ ಹೊಡೆದಾಗ ಮಕ್ಕಳೇ ಕೋಣೆಯಿಂದ ಕೋಣೆಗೆ ಓಡುತ್ತಾರೆ, ಸಾಮಾನಿಡಲು ಲಾಕರ್, ಊಟಕ್ಕೆ ಕೆಫೆಟೇರಿಯಾ. ಹಾಗಾಗಿ ಅಲ್ಲಿನ ಚಿತ್ರಗಳು ಹುಟ್ಟುವುದೇ ಕಾರಿಡಾರಿನಲ್ಲಿ: ಲಾಕರಿಗೆ ಸಿಕ್ಕಿಕೊಂಡ ಹುಡುಗ, ಯಾವ ಮೇಜಿಗೆ ಹೋಗಿ ಕೂರಲಿ ಎಂದು ತಟ್ಟೆ ಹಿಡಿದು ನಿಂತ ಹುಡುಗಿ.

ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಕೂತಲ್ಲೇ ಕೂತಿರುತ್ತಾರೆ, ಬದಲಾಗುವುದು ಮೇಷ್ಟ್ರು. ಆದ್ದರಿಂದ ಇಲ್ಲಿನ ಚಿತ್ರಗಳು ಬೆಂಚಿನಲ್ಲಿ, ಕಿಟಕಿಯಲ್ಲಿ, ನಲ್ಲಿಯ ಹತ್ತಿರ, ಊಟದ ಸಾಲಿನಲ್ಲಿ, ಬಾಗಿಲ ಮೇಲೆ ಬೀಳುವ ‘ಮುಂದಿನ ಪಿರಿಯಡ್ಡಿನ’ ನೆರಳಿನಲ್ಲಿ ಹುಟ್ಟಬೇಕು. ಕನ್ನಡದ ಹಸ್ತಪ್ರತಿಯಲ್ಲಿ ಲಾಕರ್ ಕಂಡರೆ ಬರೆದವರು ಶಾಲೆ ನೋಡಿಲ್ಲ, ಬೇರೆ ಪುಸ್ತಕ ನೋಡಿದ್ದಾರೆ ಎಂದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ: ಕಂಡದ್ದು, ಕೇಳಿದ್ದು, ಮೂಗಿಗೆ ಬಂದದ್ದು, ಕೈಗೆ ತಾಗಿದ್ದು, ನಾಲಿಗೆಗೆ ತಾಗಿದ್ದು. ಒಂದೊಂದರಲ್ಲಿ 12 ಸಾಲು, ಒಟ್ಟು 60. ಮೊದಲ ನಾಲ್ಕೈದು ಎಲ್ಲರೂ ಬರೆಯುವಂಥವೇ: ಕರಿಹಲಗೆ, ಗಂಟೆ, ಬೆಂಚು. ಅವನ್ನು ದಾಟಿದ ಮೇಲೆ ಬರುವುದೇ ಸರಕು. ಶನಿವಾರದ ಬಿಳಿ ಶೂಗೆ ಪಾಲಿಶ್ ಮುಗಿದಿದ್ದರಿಂದ ಉಜ್ಜಿದ ಸೀಮೆಸುಣ್ಣ. ಮಳೆಯಲ್ಲಿ ನೆಂದು ಮೈಮೇಲೇ ಒಣಗುವ ಯೂನಿಫಾರ್ಮಿನ ವಾಸನೆ. ಹಾಲಿನ ಲೋಟದ ತಳದಲ್ಲಿ ಕರಗದೆ ಉಳಿದ ಪುಡಿಯ ಗಂಟು. ಕೈವಾರದ ಮೊನೆಯಲ್ಲಿ ಡೆಸ್ಕಿನ ಮೇಲೆ ಕೊರೆದ, ಯಾವತ್ತೋ ಪಾಸಾಗಿ ಹೋದವನ ಹೆಸರು. ಗೋಡೆಗೆ ಬಡಿದ ಡಸ್ಟರ್ ಬಿಟ್ಟ ಆಯತಾಕಾರದ ಬಿಳಿ ಗುರುತು.

ಕತೆಯ ವರ್ಷವನ್ನೂ ಅದೇ ಹಾಳೆಯ ಮೇಲೆ ಬರೆದಿಡಿ. ಕ್ಷೀರಭಾಗ್ಯದ ಹಾಲು ಬಂದದ್ದು 2013ರಲ್ಲಿ. 1995ರ ಸರ್ಕಾರಿ ಶಾಲೆಯ ಕತೆಯಲ್ಲಿ ಮಕ್ಕಳು ಹಾಲಿಗೆ ಸಾಲು ನಿಂತರೆ, ಬಿಸಿಯೂಟದ ತಟ್ಟೆ ಹಿಡಿದರೆ ದೊಡ್ಡವರು ಹಿಡಿದುಬಿಡುತ್ತಾರೆ. ಈ 60ರ ಪಟ್ಟಿ ಕೊನೆಯವರೆಗೂ ಮೇಜಿನ ಮೇಲಿರಲಿ. ಹೋಲಿಕೆ ಬೇಕಾದಾಗಲೆಲ್ಲ ಮೊದಲು ಇಲ್ಲಿ ಹುಡುಕಬೇಕು.

ಹಂತ 2: ಹೋಲಿಕೆ ಕಟ್ಟುವುದು

ಹೈಸ್ಕೂಲಿನ ವ್ಯಾಕರಣದಲ್ಲಿ ಉಪಮಾಲಂಕಾರದ ನಾಲ್ಕು ಅಂಗಗಳನ್ನು ಉರು ಹೊಡೆಸುತ್ತಾರೆ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ‘ಮುಖ ಕಮಲದಂತೆ ಅರಳಿತು’ ಎಂದರೆ ಮುಖ ಉಪಮೇಯ, ಕಮಲ ಉಪಮಾನ, ‘ಅಂತೆ’ ಉಪಮಾವಾಚಕ, ಅರಳುವುದು ಸಮಾನಧರ್ಮ. ನಾಲ್ಕೂ ಇವೆ, ಪೂರ್ಣೋಪಮೆ. ಒಂದೋ ಎರಡೋ ಅಂಗ ಬಿಟ್ಟುಹೋದರೆ ಲುಪ್ತೋಪಮೆ. ಪರೀಕ್ಷೆ ಮುಗಿದ ಮೇಲೆ ಯಾರಿಗೂ ನೆನಪಿಲ್ಲದ ಈ ಭೇದ ನಗೆ ಬರಹಗಾರನಿಗೆ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಹಾಸ್ಯ ಹೆಚ್ಚಾಗಿ ನಡೆಯುವುದು ಲುಪ್ತೋಪಮೆಯ ಮೇಲೆ. ಸಮಾನಧರ್ಮವನ್ನು ಬರಹಗಾರ ಮುಚ್ಚಿಡಬೇಕು, ಓದುವ ಮಗು ತಾನೇ ಹುಡುಕಿಕೊಳ್ಳಬೇಕು. ಹುಡುಕಿದ ಕ್ಷಣವೇ ನಗು.

ನೋಡಿ: ‘ಗಣಿತದ ಟೀಚರ್ “ಏನೂ ಆಗಲ್ಲ, ತುಂಬಾ ಸುಲಭ” ಅಂದರು. ಲಸಿಕೆ ಹಾಕೋಕೆ ಬಂದಿದ್ದ ನರ್ಸಮ್ಮನೂ ಇದನ್ನೇ ಅಂದಿದ್ದರು.’ ಇಲ್ಲಿ ‘ಹಾಗೆ’, ‘ಅಂತೆ’ ಯಾವುದೂ ಇಲ್ಲ. ನೋವು ಎಂಬ ಪದವೂ ಇಲ್ಲ. ‘ಲೆಕ್ಕ ಸೂಜಿಯ ಹಾಗೆ ಚುಚ್ಚಿತು’ ಎಂದು ಮೂರನೇ ವಾಕ್ಯ ಸೇರಿಸಿದರೆ ಮೊದಲೆರಡೂ ಕೆಡುತ್ತವೆ.

ಒಂದು ವಾಕ್ಯವನ್ನು ಹತ್ತಿರದಿಂದ ತಿದ್ದೋಣ. ಹೇಳಬೇಕಾದ್ದು: ಹೆಡ್‌ಮೇಷ್ಟ್ರಿಗೆ ಸಿಟ್ಟು ಬಂತು.

ಮೊದಲ ಕರಡು: ‘ಹೆಡ್‌ಮೇಷ್ಟ್ರು ಹುಲಿಯಂತೆ ಘರ್ಜಿಸಿದರು.’ ಇದು ಸವೆದ ನಾಣ್ಯ. ಓದುವ ಮಗು ಹುಲಿಯನ್ನೂ ಕಾಣುವುದಿಲ್ಲ, ಮೇಷ್ಟ್ರನ್ನೂ ಕಾಣುವುದಿಲ್ಲ.

ಎರಡನೆಯದು: ‘ಹೆಡ್‌ಮೇಷ್ಟ್ರ ತಲೆ ಕುಕ್ಕರಿನ ಹಾಗೆ ಕೂಗಿತು.’ ಪರವಾಗಿಲ್ಲ. ಆದರೆ ಕುಕ್ಕರು ದೊಡ್ಡವರ ಅಡುಗೆಮನೆಯದು, ಸಿಟ್ಟಿಗೆ ಎಲ್ಲರೂ ಮೊದಲು ಕೈ ಹಾಕುವುದೂ ಅದಕ್ಕೇ.

ಮೂರನೆಯದು: ‘ಹೆಡ್‌ಮೇಷ್ಟ್ರಿಗೆ ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಾರೆ. ಅವತ್ತು ಎರಡು ಗಾಜನ್ನೂ ಒರೆಸಿದರು, ಕಡ್ಡಿ ಒರೆಸಿದರು, ಆಮೇಲೆ ಪಕ್ಕದಲ್ಲಿದ್ದ ಪಿಟಿ ಮೇಷ್ಟ್ರ ಕನ್ನಡಕವನ್ನೂ ಇಸಿದುಕೊಂಡು ಒರೆಸತೊಡಗಿದರು.’

ಮೂರನೆಯದರಲ್ಲಿ ಹೋಲಿಕೆಯೇ ಇಲ್ಲ, ಆದರೂ ಮೂರರಲ್ಲಿ ಗಟ್ಟಿ ಚಿತ್ರ ಅದೇ. ಸಿಟ್ಟಿಗೆ ಒಂದು ಅಳತೆಗೋಲು ಸಿಕ್ಕಿತು, ಗೋಲು ತುಂಬಿ ಹೊರಗೆ ಚೆಲ್ಲಿತು. ಈಗ ಇದಕ್ಕೆ ಗೆರೆಯ ಚಿತ್ರ ಬೇಕಾದರೆ ಮೇಷ್ಟ್ರು ಒರೆಸುವುದನ್ನು ಬಿಡಿಸಬೇಡಿ, ಅದನ್ನು ಮಾತು ಮುಗಿಸಿದೆ. ಕನ್ನಡಕ ಕಳೆದುಕೊಂಡ ಪಿಟಿ ಮೇಷ್ಟ್ರು ನೀರಿನ ಟ್ಯಾಂಕಿಗೆ ‘ಸಾವಧಾನ್!’ ಹೇಳುತ್ತಿರುವುದನ್ನು ಬಿಡಿಸಿ.

ಹೋಲಿಕೆ ಕೆಡುವ ಜಾಗಗಳು ಹೆಚ್ಚಾಗಿ ಇವು. ಉಪಮಾನ ನಿರೂಪಕನ ಚೀಲ, ಬೀದಿ, ಮನೆಯೊಳಗಿಂದ ಬರದೆ ಬರಹಗಾರನ ಕಪಾಟಿನಿಂದ ಬಂದಿರುತ್ತದೆ. ಹನ್ನೆರಡರ ಹುಡುಗಿ ‘ತೆರಿಗೆ ಇಲಾಖೆಯ ನೋಟಿಸಿನಂತೆ’ ಅನ್ನುವುದಿಲ್ಲ. ಒಂದೇ ಪ್ಯಾರಾದಲ್ಲಿ ಮೂರು ಹೋಲಿಕೆ ತುರುಕಿದರೆ ಮೂರೂ ಕಾಣುವುದಿಲ್ಲ. ಪುಟಕ್ಕೆ ಒಂದು, ಹೆಚ್ಚೆಂದರೆ ಎರಡು. ಮತ್ತೆ ಗಾತ್ರ: ಸಣ್ಣ ಸಂಗತಿಗೆ ಭಾರೀ ಹೋಲಿಕೆ ಅಥವಾ ಭಾರೀ ಸಂಗತಿಗೆ ಸಣ್ಣ ಹೋಲಿಕೆ ನಗಿಸುತ್ತದೆ, ಸಮಗಾತ್ರದ್ದು ಕೇವಲ ವರ್ಣನೆ. ಕಳೆದುಹೋದ ರಬ್ಬರಿಗೆ ಠಾಣೆಯ ತನಿಖೆಯ ಗಾಂಭೀರ್ಯ, ಜಿಲ್ಲಾಧಿಕಾರಿಯ ಭೇಟಿಗೆ ‘ಅವರ ಶೂ ಲೇಸು ಬಿಚ್ಚಿತ್ತು’ ಎಂಬ ಒಂದೇ ಸಾಲು.

ಹಂತ 3: ಯಾವುದು ಮಾತಿಗೆ, ಯಾವುದು ಗೆರೆಗೆ

ವಾಸನೆ, ರುಚಿ, ‘ಯಾವಾಗಲೂ ಹೀಗೇ’ ಎಂಬ ರೂಢಿ, ಒಳಗಿನ ಲೆಕ್ಕಾಚಾರ, ಸುಳ್ಳು: ಇವು ಮಾತಿಗೆ. ಯಾರು ಎಲ್ಲಿ ನಿಂತಿದ್ದಾರೆ, ಎಷ್ಟು ಜನ, ಯಾರ ಮುಖ ಹೇಗಿದೆ, ಒಂದೇ ಹೊತ್ತಿಗೆ ನಡೆದ ನಾಲ್ಕು ಸಂಗತಿ, ನಿಜ: ಇವು ಗೆರೆಗೆ. ಸುಳ್ಳು ಮಾತಿಗೆ, ನಿಜ ಗೆರೆಗೆ ಎನ್ನುವ ಹಂಚಿಕೆಯೊಂದನ್ನೇ ಹಿಡಿದು ಕಾದಂಬರಿಯ ಕಾಲು ಭಾಗ ನಡೆಸಬಹುದು.

ಪಠ್ಯಕ್ಕೂ ಚಿತ್ರಕ್ಕೂ ಇರುವ ನಂಟು ನಾಲ್ಕು ಬಗೆ. ಚಿತ್ರ ಮಾತನ್ನೇ ಮತ್ತೆ ಹೇಳುತ್ತದೆ, ಅಥವಾ ಮಾತನ್ನು ಸುಳ್ಳು ಮಾಡುತ್ತದೆ, ಅಥವಾ ಅರ್ಧಕ್ಕೆ ನಿಂತ ವಾಕ್ಯವನ್ನು ಮುಗಿಸುತ್ತದೆ, ಅಥವಾ ನಿರೂಪಕನ ತಲೆಯೊಳಗಿನ ಉತ್ಪ್ರೇಕ್ಷೆಯನ್ನು ತೋರಿಸುತ್ತದೆ. ಮೊದಲನೆಯದನ್ನು ಕಂಡಲ್ಲಿ ಹೊಡೆದುಹಾಕಿ. ಉಳಿದ ಮೂರನ್ನು ಬೆರೆಸಿ ಬಳಸಿ. ಸುಳ್ಳು ಮಾಡುವ ಚಿತ್ರ ಮಾತ್ರವೇ ಸಾಲಾಗಿ ಬಂದರೆ ಮಗು ಮೂರನೆಯದರ ಹೊತ್ತಿಗೆ ಮೊದಲೇ ಊಹಿಸಿಬಿಡುತ್ತದೆ.

ಬಿಸಿಯೂಟದ ಒಂದು ಪ್ರಸಂಗ ತೆಗೆದುಕೊಳ್ಳಿ. ಕರಡಿನಲ್ಲಿ ಹೀಗಿದೆ: ‘ನನಗೆ ಸಾರಿನ ಬಕೆಟ್ ಹಿಡಿಯುವ ಜವಾಬ್ದಾರಿ ಕೊಟ್ಟರು. ನಾನು ಎಡವಿದೆ. ಸಾರು ಚೆಲ್ಲಿ ಹೆಡ್‌ಮೇಷ್ಟ್ರ ಕೋಣೆಯ ತನಕ ಹರಿಯಿತು.’ ಕೆಳಗೆ ಚಿತ್ರ: ಹುಡುಗ ಎಡವಿದ್ದಾನೆ, ಸಾರು ಹರಿಯುತ್ತಿದೆ. ಎರಡಕ್ಕೂ ಒಂದೇ ಕೆಲಸ.

ತಿದ್ದಿದ ಮೇಲೆ: ‘ನನಗೆ ಸಾರಿನ ಬಕೆಟ್ ಹಿಡಿಯುವ ಜವಾಬ್ದಾರಿ ಕೊಟ್ಟರು. ಸಾರು ಎಲ್ಲರಿಗೂ ತಲುಪಬೇಕು ಅಂತ ಹೇಳಿದ್ದರು. ತಲುಪಿಸಿದೆ.’ ಚಿತ್ರದಲ್ಲಿ ಜಗುಲಿಯನ್ನು ಮೇಲಿನಿಂದ ನೋಡಿದ ನೋಟ. ಅಡುಗೆಮನೆಯಿಂದ ಹೊರಟ ಸಾರಿನ ಹೊಳೆ ಒಂದನೇ ಕ್ಲಾಸಿನ ಸಾಲನ್ನು ಸುತ್ತಿ, ಚಪ್ಪಲಿ ರಾಶಿಯನ್ನು ತೇಲಿಸಿ, ‘ಮುಖ್ಯೋಪಾಧ್ಯಾಯರು’ ಎಂಬ ಫಲಕದ ಬಾಗಿಲ ಕೆಳಗೆ ನುಗ್ಗಿದೆ. ಹುಡುಗ ಎಡವಿದ್ದು ಎಲ್ಲೂ ಕಾಣುವುದಿಲ್ಲ. ಚಿತ್ರ ಮುಗಿದ ಮೇಲೆ ಒಂದೇ ಸಾಲು: ‘ಮೇಲಿನ ಎರಡು ಫೈಲಿಗೆ ಏನೂ ಆಗಿಲ್ಲ.’ ಮಾತು, ಚಿತ್ರ, ಮತ್ತೆ ಮಾತು. ಈ ಮೂರು ತಾಳದ ನಡೆ ಈ ಪ್ರಕಾರದ ಬೆನ್ನೆಲುಬು. ಚಿತ್ರದ ನಂತರದ ಸಾಲು ಆರೇಳು ಪದ ದಾಟಬಾರದು.

ಪರೀಕ್ಷೆ ಸುಲಭ. ಚಿತ್ರ ಮುಚ್ಚಿ ಓದಿ. ಪಠ್ಯ ಮುಚ್ಚಿ ನೋಡಿ. ಎರಡು ಸಲವೂ ಪೂರ್ತಿ ಜೋಕು ಸಿಕ್ಕಿದರೆ ಒಂದು ದಂಡ. ಎರಡು ಸಲವೂ ಏನೂ ಸಿಗದಿದ್ದರೆ ನಡುವೆ ಒಂದು ಕೊಂಡಿ ತಪ್ಪಿದೆ.

ಹಂತ 4: ಚಿತ್ರಗಳ ಬಗೆ ಬದಲಾಯಿಸುತ್ತಿರಿ

ಘಟನೆಯ ಚಿತ್ರಗಳೇ 150 ಪುಟ ಇದ್ದರೆ ಕಣ್ಣು ಸೋಲುತ್ತದೆ. ನಿರೂಪಕನ ಕಲ್ಪನೆಯ ಚಿತ್ರ, ಮೂರು–ನಾಲ್ಕು ಚೌಕದ ಪಟ್ಟಿ, ನಕ್ಷೆ, ಅಂಚಿನ ಗೀಚು ಎಲ್ಲವೂ ಬೇಕು. ನಮ್ಮ ಶಾಲೆಗಳಲ್ಲಿ ಬಳಕೆಯಾಗದೆ ಬಿದ್ದಿರುವ ಚಿನ್ನ ಎಂದರೆ ಕಾಗದಪತ್ರ. ರಜಾ ಚೀಟಿ, ಪ್ರಗತಿ ಪತ್ರ, ವೇಳಾಪಟ್ಟಿ, ಹಾಜರಿ ಪುಸ್ತಕ, ‘ಕಪ್ಪು ಹಲಗೆಯ ಮೇಲೆ ಮಾತಾಡುವವರ ಹೆಸರು’. ಇವುಗಳ ನಮೂನೆ ಪ್ರತಿ ಮಗುವಿಗೂ ಬಾಯಿಪಾಠ. ಗಂಭೀರ ನಮೂನೆಯೊಳಗೆ ಹುಚ್ಚು ವಿಷಯ ಇಟ್ಟರೆ ಸಾಕು:

ಇವರಿಗೆ,
ಮುಖ್ಯೋಪಾಧ್ಯಾಯರು
ವಿಷಯ: ನಾಳೆ ನನಗೆ ಹೊಟ್ಟೆನೋವು ಬರಲಿರುವ ಬಗ್ಗೆ.

‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ಯ ಕೆಳಗೆ ಅಪ್ಪನ ಸಹಿ ಇರಲಿ. ಅದರ ಪಕ್ಕದಲ್ಲಿ, ಅಪ್ಪನ ಸಹಿಯನ್ನು ಅಭ್ಯಾಸ ಮಾಡಿದ ಏಳು ಗುರುತು, ಅರ್ಧಂಬರ್ಧ ಉಜ್ಜಿದ ಸ್ಥಿತಿಯಲ್ಲಿ. ಇದನ್ನು ಅಚ್ಚಿನ ಅಕ್ಷರದಲ್ಲಿ ಹಾಕಿದರೆ ಸತ್ತುಹೋಗುತ್ತದೆ, ಕೈಯಲ್ಲೇ ಬರೆಯಬೇಕು. ಪ್ರತಿ ಅಧ್ಯಾಯಕ್ಕೆ ಇಂಥದ್ದು ಒಂದಿದ್ದರೆ ಸಾಕು. ಎರಡಾದರೆ ಕತೆ ನಿಲ್ಲುತ್ತದೆ.

ಹಂತ 5: ಎಲ್ಲರೂ ಒಂದೇ ಯೂನಿಫಾರ್ಮು, ಗುರುತಿಸುವುದು ಹೇಗೆ?

ಅಮೆರಿಕದ ಚಿತ್ರಕಾರನಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಅಲ್ಲಿನ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಬಟ್ಟೆಯೇ ಗುರುತು. ನಮ್ಮ ಕಪ್ಪು-ಬಿಳುಪು ಪುಟದಲ್ಲಿ ನಲವತ್ತು ಮಕ್ಕಳಿಗೂ ಒಂದೇ ಅಂಗಿ. ಮುಖದ ವಿವರ ನಂಬಿದರೆ ಒಂದೂವರೆ ಸೆಂಟಿಮೀಟರ್ ಎತ್ತರದ ಚಿತ್ರದಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ಹಾಗಾಗಿ ಪ್ರತಿ ಮುಖ್ಯ ಪಾತ್ರಕ್ಕೆ ಎರಡು ಗುರುತು ಕೊಡಿ: ಒಂದು ಹೊರರೇಖೆಯದು, ಒಂದು ವಸ್ತುವಿನದು. ಎತ್ತರ–ಗಿಡ್ಡ, ಎಣ್ಣೆ ಹಚ್ಚಿ ಚಪ್ಪಟೆಯಾದ ತಲೆ, ರಿಬ್ಬನ್ ಕಟ್ಟಿ ಮೇಲಕ್ಕೆ ಮಡಿಸಿದ ಎರಡು ಜಡೆ, ಅಣ್ಣನ ಅಂಗಿಯಾದ್ದರಿಂದ ಮೊಣಕೈ ದಾಟಿದ ತೋಳು: ಇವು ಹೊರರೇಖೆ. ಒಂದೇ ಹೆಗಲಿಗೆ ನೇತಾಡುವ ಚೀಲ, ಯಾವಾಗಲೂ ಬಿಚ್ಚಿದ ಲೇಸು, ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲ್: ಇವು ವಸ್ತು.

ಪಾತ್ರದ ಹಾಳೆ ತಯಾರಿಸಿ: ಎದುರಿನಿಂದ, ಪಕ್ಕದಿಂದ, ಮುಕ್ಕಾಲು ತಿರುವಿನಿಂದ, ಹಿಂದಿನಿಂದ, ಜೊತೆಗೆ ಆರು ಮುಖಭಾವ. ಬೈತಲೆ ಯಾವ ಬದಿಗೆ, ಚೀಲ ಯಾವ ಹೆಗಲಿಗೆ ಎಂದು ಅಕ್ಷರದಲ್ಲೇ ಬರೆದಿಡಿ. ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಇವೆರಡೂ ಅದಲುಬದಲಾಗುವುದು ಮಾಮೂಲು, ಮಕ್ಕಳು ಹಿಡಿಯುವ ಮೊದಲ ತಪ್ಪೂ ಅದೇ. ಹನ್ನೆರಡರ ಮಗುವಿನ ನಿಜವಾದ ಎತ್ತರ ತಲೆಯ ಆರೂವರೆ ಏಳರಷ್ಟಿರುತ್ತದೆ. ನಗೆಚಿತ್ರದಲ್ಲಿ ಮೂರರಿಂದ ನಾಲ್ಕು ತಲೆಗೆ ಇಳಿಸಿ, ಮುಖಭಾವಕ್ಕೆ ಜಾಗ ಸಿಗುತ್ತದೆ. ದೊಡ್ಡವರನ್ನು ಮಗುವಿನ ಕಣ್ಣಿನ ಮಟ್ಟದಿಂದ ನೋಡಿ ಬಿಡಿಸಿ: ಮೊದಲು ಬೆಲ್ಟು, ಜೇಬಿನ ಕೆಂಪು ಪೆನ್ನು, ಆಮೇಲೆ ಗದ್ದ, ಮೂಗಿನ ಹೊಳ್ಳೆ. ಕಣ್ಣು ಕಾಣದಿದ್ದರೂ ನಡೆಯುತ್ತದೆ.

ಕೊನೆಗೆ ಎಲ್ಲ ಪಾತ್ರಗಳನ್ನೂ ಒಂದೇ ಸಾಲಿನಲ್ಲಿ ಬಿಡಿಸಿ, ಒಳಗೆ ಪೂರ್ತಿ ಕಪ್ಪು ತುಂಬಿ, ಜೆರಾಕ್ಸಿನಲ್ಲಿ ಅರ್ಧಕ್ಕೆ ಇಳಿಸಿ. ಹೆಸರು ಹೇಳಲಾಗದ ಪಾತ್ರವನ್ನು ಮತ್ತೆ ಬಿಡಿಸಬೇಕು.

ಹಂತ 6: ಕನ್ನಡ ಅಕ್ಷರ, ಮಾತಿನ ಬಲೂನು, ಸದ್ದು

ಇಂಗ್ಲಿಷ್ ಪುಸ್ತಕದ ಪುಟ ನೋಡಿ ಬಲೂನಿನ ಅಳತೆ ನಿರ್ಧರಿಸಿದವರು ಇಲ್ಲಿ ಎಡವುತ್ತಾರೆ. ಪ್ರತ್ಯಯಗಳೆಲ್ಲ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ‘ಪ್ರಶ್ನೆಪತ್ರಿಕೆಯಲ್ಲಿರಲಿಲ್ಲವಲ್ಲ’ ಒಂದೇ ಪದ. ಉದ್ದನೆಯ, ಕಿರಿದಾದ ಬಲೂನಿನಲ್ಲಿ ಅದು ಕೂರುವುದಿಲ್ಲ. ಬಲೂನು ಅಡ್ಡಕ್ಕೆ ಅಗಲವಾಗಿರಲಿ, ಮೂರು ಸಾಲಿಗಿಂತ ಹೆಚ್ಚು ಬೇಡ, ಒಟ್ಟು ಎಂಟು ಪದದೊಳಗೆ ಮುಗಿಸಿ. ಆಡುಮಾತು ಬರೆದರೆ ಪದವೂ ಕಿರಿದಾಗುತ್ತದೆ: ‘ಪೇಪರಲ್ಲಿ ಇರ್ಲೇ ಇಲ್ವಲ್ಲ!’ ಪದವನ್ನು ಎರಡು ಸಾಲಿಗೆ ಮುರಿಯಬೇಡಿ. ಮುರಿಯಲೇಬೇಕಾದರೆ ಅಕ್ಷರದ ಅಂಚಿನಲ್ಲಿ ಮುರಿಯಿರಿ, ಒತ್ತು ತನ್ನ ಅಕ್ಷರ ಬಿಟ್ಟು ಕೆಳಸಾಲಿಗೆ ಹೋಗಬಾರದು. ಯಾವಾಗಲೂ ಅಕ್ಷರ ಮೊದಲು, ಅದರ ಸುತ್ತ ಬಲೂನು ಆಮೇಲೆ.

ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಆದ್ದರಿಂದ ಸಾಲಿನ ಅಂತರ ಅಕ್ಷರದ ಗಾತ್ರದ 1.4ರಿಂದ 1.5 ಪಟ್ಟು ಇರಬೇಕು. 13 ಪಾಯಿಂಟ್ (ಅಚ್ಚಿನಲ್ಲಿ ಅಕ್ಷರ ಅಳೆಯುವ ಮಾಪ) ಅಕ್ಷರಕ್ಕೆ 19 ಪಾಯಿಂಟ್. ಇದಕ್ಕಿಂತ ಇಕ್ಕಟ್ಟು ಮಾಡಿದರೆ ಮೇಲಿನ ಸಾಲಿನ ‘ಸ್ತ್ರ’ ಕೆಳಗಿನ ಸಾಲಿನ ‘ಕೀ’ಗೆ ಗುದ್ದುತ್ತದೆ. ನೋಟ್‌ಬುಕ್ಕಿನ ಗೆರೆಯನ್ನು ಹಿನ್ನೆಲೆಯಾಗಿ ಹಾಕುವುದಾದರೆ ಗೆರೆಗಳ ಅಂತರವೂ ಅದೇ 19 ಪಾಯಿಂಟ್ ಇರಲಿ. ಗೆರೆಯ ಬಣ್ಣ ಶೇ. 10–15ರಷ್ಟು ಬೂದಿ ಇದ್ದರೆ ಸಾಕು. ಪೂರ್ತಿ ಕಪ್ಪು ಹಾಕಿದರೆ ಒತ್ತುಗಳು ಗೆರೆಯಲ್ಲಿ ಮುಳುಗಿ ಓದಲು ಬರುವುದಿಲ್ಲ.

ಕಿರುಚಿಸಲು ಇಂಗ್ಲಿಷಿನಲ್ಲಿ ದೊಡ್ಡಕ್ಷರ ಇದೆ, ನಮಗಿಲ್ಲ. ನಮ್ಮ ದಾರಿ ಗಾತ್ರ ಮತ್ತು ದಪ್ಪ: ಪಿಸುಮಾತಿಗೆ 9 ಪಾಯಿಂಟ್, ಮಾತಿಗೆ 12, ಕೂಗಿಗೆ 20ರಿಂದ ಮೇಲೆ. ಎಳೆದು ಕೂಗುವುದನ್ನು ಕಂಪ್ಯೂಟರಿನಲ್ಲಿ ದೀರ್ಘದ ಚಿಹ್ನೆಯನ್ನೇ ಮತ್ತೆ ಮತ್ತೆ ಒತ್ತಿ ಬರೆಯಲು ಹೋದರೆ ಯೂನಿಕೋಡ್ ಚುಕ್ಕಿಯ ವೃತ್ತ ತೋರಿಸುತ್ತದೆ. ‘ಅಯ್ಯೋಓಓಓ’ ಎಂದು ಸ್ವರ ಸೇರಿಸಿ ಅಥವಾ ಕೈಯಲ್ಲೇ ಬರೆಯಿರಿ. ಬಲೂನಿಗೆ ದುಂಡನೆಯ ‘ಬಾಲೂ ತಮ್ಮ’, ಪಠ್ಯಕ್ಕೆ ‘ನೋಟೋ ಸಾನ್ಸ್ ಕನ್ನಡ’ ಇವೆರಡೂ ಉಚಿತವಾಗಿ ಸಿಗುತ್ತವೆ. ಇನ್‌ಡಿಸೈನಿನಲ್ಲಿ (ಪುಟ ಜೋಡಿಸುವ ತಂತ್ರಾಂಶ) ಒತ್ತುಗಳು ಚೆಲ್ಲಾಪಿಲ್ಲಿಯಾದರೆ ತಪ್ಪು ಫಾಂಟಿನದಲ್ಲ, ಬಹುತೇಕ ಕಂಪೋಸರ್, ಅಂದರೆ ಸಾಲು ಜೋಡಿಸುವ ವಿಧಾನದ ಆಯ್ಕೆಯದು; ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ.

ಇನ್ನು ಸದ್ದು. ಅನುಕರಣಾವ್ಯಯದ ವಿಷಯದಲ್ಲಿ ಕನ್ನಡ ಶ್ರೀಮಂತ ಭಾಷೆ, ಇಲ್ಲಿ ಜಿಪುಣತನ ಬೇಡ. ‘ಬ್ಯಾಂಗ್’, ‘ಕ್ರ್ಯಾಶ್’ ತರುವ ಅಗತ್ಯವೇ ಇಲ್ಲ. ಕುರ್ಚಿ ಎಳೆದರೆ ಕಿರ್ರ್, ಚೀಲ ಬಿದ್ದರೆ ಧೊಪ್, ಸ್ಟೀಲ್ ತಟ್ಟೆ ಬಿದ್ದು ನಿಲ್ಲುವವರೆಗೆ ಠಣ್-ಣ-ಣ-ಣ, ಕೆಸರಲ್ಲಿ ಕಾಲಿಟ್ಟರೆ ಪಚಕ್, ಹಾಲು ಒಂದೇ ಉಸಿರಿಗೆ ಇಳಿದರೆ ಗುಟಗುಟ, ಪ್ಯಾಂಟು ಹರಿದರೆ ಪರ್ರ್. ಸದ್ದಿನ ಅಕ್ಷರವೂ ಚಿತ್ರದ ಭಾಗವೇ: ತಟ್ಟೆಯ ‘ಣ’ಗಳು ಬರಬರುತ್ತಾ ಸಣ್ಣದಾಗಿ, ಸುತ್ತಿಕೊಂಡು ಮೂಲೆ ಸೇರಲಿ. ಪಠ್ಯದಲ್ಲಿ ‘ಧೊಪ್ಪನೆ ಬಿತ್ತು’ ಎಂದು ಬರೆದಿದ್ದರೆ ಚಿತ್ರದಲ್ಲಿ ‘ಧೊಪ್’ ಬೇಡ.

ಹಂತ 7: ಪುಟದ ಲೆಕ್ಕ

1/8 ಡೆಮಿ, ಅಂದರೆ ಸುಮಾರು 5.5 × 8.5 ಇಂಚಿನ ಪುಟದಲ್ಲಿ 13 ಪಾಯಿಂಟಿನ ಅಕ್ಷರ ಹಾಕಿದರೆ 26 ಸಾಲು, ಸಾಲಿಗೆ ಆರೇಳು ಪದ. ಚಿತ್ರವಿಲ್ಲದ ಪುಟಕ್ಕೆ 160–180 ಪದ. ಚಿತ್ರಕ್ಕೆ ಸರಾಸರಿ ಶೇ. 40ರಷ್ಟು ಜಾಗ ಬಿಟ್ಟರೆ ಪುಟಕ್ಕೆ ನೂರು ಪದ. 16 ಪುಟದ ಹತ್ತು ಫಾರಂ ಎಂದರೆ 160 ಪುಟ. ಶೀರ್ಷಿಕೆ ಪುಟಗಳನ್ನು ಕಳೆದರೆ ನಿಮ್ಮ ಹಸ್ತಪ್ರತಿ 15 ಸಾವಿರ ಪದದ ಆಸುಪಾಸಿನಲ್ಲಿರಬೇಕು. ಮೂವತ್ತು ಸಾವಿರ ಬರೆದು ಆಮೇಲೆ ಚಿತ್ರ ಸೇರಿಸಲು ಕೂತರೆ ಚಿತ್ರಗಳು ಅಂಚೆಚೀಟಿಯಷ್ಟಾಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪುಟ ತಿರುವು. ಪುಸ್ತಕ ತೆರೆದಾಗ ಕಣ್ಣು ಮೊದಲು ಓಡುವುದು ಚಿತ್ರಕ್ಕೆ, ಆಮೇಲೆ ಪಠ್ಯಕ್ಕೆ. ಸಾರು ಹರಿದ ಚಿತ್ರ ಬಲ ಪುಟದ ಕೆಳಗಿದ್ದರೆ, ಎಡ ಪುಟದ ಮೊದಲ ಸಾಲು ಓದುವಷ್ಟರಲ್ಲಿ ಜೋಕು ಬಯಲು. ಆದ್ದರಿಂದ ಕಾಯಿಸುವ ವಾಕ್ಯ ಬಲ ಪುಟದ ಕೊನೆಯಲ್ಲಿ, ಗುಟ್ಟು ಬಿಡುವ ಚಿತ್ರ ತಿರುವಿದ ಮೇಲಿನ ಎಡ ಪುಟದ ತಲೆಯಲ್ಲಿ. ಎಲ್ಲ ಜೋಕಿಗೂ ಹೀಗೆ ಮಾಡಲಾಗದು, ಮಾಡಲೂಬಾರದು. ಅಧ್ಯಾಯಕ್ಕೆ ಒಂದು ದೊಡ್ಡದಕ್ಕೆ ಇದನ್ನು ಮೀಸಲಿಡಿ. ಉಳಿದ ಕಡೆ, ವಾಕ್ಯ ಓದದೆ ಅರ್ಥವಾಗದಂಥ ಚಿತ್ರ ಬಿಡಿಸಿ.

ಇದನ್ನೆಲ್ಲ ತೆರೆಯ ಮೇಲೆ ನೋಡಿ ನಿರ್ಧರಿಸಲಾಗುವುದಿಲ್ಲ. ಎ4 ಹಾಳೆಗಳನ್ನು ಮಡಿಸಿ, ನಡುವೆ ಪಿನ್ ಹೊಡೆದು ಡಮ್ಮಿ ಮಾಡಿ. ಪಠ್ಯಕ್ಕೆ ಅಡ್ಡ ಗೆರೆ, ಚಿತ್ರಕ್ಕೆ ಕಡ್ಡಿ ಮನುಷ್ಯರು ಸಾಕು. ಪುಟ ತಿರುವಿ ತಿರುವಿ ನೋಡಿ.

ಹಂತ 8: ಮರುಕಳಿಸುವ ಚಿತ್ರ

ಒಂದೆರಡು ವಸ್ತುಗಳು ಕಾದಂಬರಿಯುದ್ದಕ್ಕೂ ಬರಲಿ. ಕತೆ ಅವುಗಳ ಬಗ್ಗೆ ಮಾತಾಡಬಾರದು, ಅವು ಸುಮ್ಮನೆ ಹಿನ್ನೆಲೆಯಲ್ಲಿರಬೇಕು. ಮೊದಲ ಅಧ್ಯಾಯದಲ್ಲಿ ಕಿಟಕಿಗೆ ಸಿಕ್ಕಿಸಿದ ಕೊಡೆ, ನಾಲ್ಕನೆಯದರಲ್ಲಿ ಅದೇ ಕೊಡೆ ಪ್ರತಿಭಾ ಕಾರಂಜಿಯ ಛದ್ಮವೇಷದಲ್ಲಿ ಯಾರದೋ ಗದೆ, ಏಳರಲ್ಲಿ ಬೆಂಚಿನ ಮುರಿದ ಕಾಲಿಗೆ ಆಸರೆ, ಹತ್ತರಲ್ಲಿ ನಿಜವಾದ ಮಳೆ ಬಂದಾಗ ಕಡ್ಡಿ ಮಾತ್ರ. ಪ್ರತಿ ಸಲವೂ ಬದಲಾಗಿರಬೇಕು. ಬದಲಾಗದೆ ಬಂದರೆ ಅದು ಬರೀ ಸಾಮಾನು. ಅಧ್ಯಾಯಗಳನ್ನು ಅಡ್ಡಕ್ಕೆ, ವಸ್ತುಗಳನ್ನು ಕೆಳಕ್ಕೆ ಬರೆದ ಒಂದು ಕೋಷ್ಟಕ ಇಟ್ಟುಕೊಂಡರೆ ಎಲ್ಲಿ ಮರೆತಿರಿ ಎಂದು ಕಾಣುತ್ತದೆ.

ಹಂತ 9: ಚಿತ್ರಕಾರ ಬೇರೆಯವರಾದರೆ

ಬರಹಗಾರರು ಮಾಡುವ ತಪ್ಪು ಎಂದರೆ ಚಿತ್ರದ ಸಂಯೋಜನೆಯನ್ನೂ ತಾವೇ ಹೇಳುವುದು: ‘ಎಡಕ್ಕೆ ಮರ, ಬಲಕ್ಕೆ ಟೀಚರ್, ಅವರ ಸೀರೆ ಹೂವಿನದು.’ ಚಿತ್ರಕಾರರಿಗೆ ಬೇಕಾದ್ದು ಜೋಕು ಎಲ್ಲಿದೆ ಎಂಬುದು. ಟಿಪ್ಪಣಿ ಹೀಗಿರಲಿ:

ಚಿತ್ರ 14. ಪುಟ 38, ಮೇಲ್ಭಾಗ, ಅರ್ಧ ಪುಟ.
ಕಾಣಲೇಬೇಕು: ಸಾರಿನ ಹೊಳೆ, ಹೆಡ್‌ಮೇಷ್ಟ್ರ ಬಾಗಿಲ ಫಲಕ.
ಕಾಣಬಾರದು: ಹುಡುಗ ಎಡವಿದ್ದು.
ಕೈಬರಹ: ಫಲಕ ಮಾತ್ರ.
ಯಾರ ನೋಟ: ನಡೆದದ್ದೇ, ಹುಡುಗನ ಕಲ್ಪನೆಯಲ್ಲ.

‘ಕಾಣಬಾರದು’ ಎಂಬ ಸಾಲು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದಿಲ್ಲದಿದ್ದರೆ ಒಳ್ಳೆಯ ಚಿತ್ರಕಾರರು ಮುತುವರ್ಜಿಯಿಂದ ಎಲ್ಲವನ್ನೂ ಬಿಡಿಸಿಬಿಡುತ್ತಾರೆ.

ಹಂತ 10: ಯಾರ ಖರ್ಚಿನಲ್ಲಿ ನಗು

ಬಣ್ಣ, ದಪ್ಪ, ತೊದಲು, ಬಡತನದ ಹರಿದ ಅಂಗಿ: ಇವು ಗೆರೆಯಲ್ಲಿ ಬಂದಾಗ ಮಾತಿನಲ್ಲಿ ಬಂದುದಕ್ಕಿಂತ ಹೆಚ್ಚು ನೋಯಿಸುತ್ತವೆ, ಏಕೆಂದರೆ ತರಗತಿಯಲ್ಲಿ ಆ ಚಿತ್ರವನ್ನು ತೋರಿಸಿ ‘ಇದು ನೀನೇ’ ಎನ್ನುವುದು ಸುಲಭ. ಹೆಸರು, ಹಣೆಯ ಗುರುತು, ಡಬ್ಬಿಯಲ್ಲಿನ ಊಟ ಇವುಗಳಿಂದ ಜಾತಿ ಸೂಚಿಸಿ, ಆ ಮಗುವನ್ನೇ ಪ್ರತಿ ಸಲ ಪೆದ್ದನನ್ನಾಗಿ ಮಾಡಿದ್ದೀರಾ ಎಂದು ಪಾತ್ರದ ಹಾಳೆ ಹಿಡಿದು ಒಮ್ಮೆ ಪರಿಶೀಲಿಸಿ. ಮೇಷ್ಟ್ರ ಬೆತ್ತದ ಏಟನ್ನು ಜೋಕಾಗಿ ಬಿಡಿಸುವ ಕಾಲ ಮುಗಿದಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಮೇಷ್ಟ್ರ ಭಯವನ್ನು ತೋರಿಸಲು ಕೆಂಪು ಪೆನ್ನಿನ ಮುಚ್ಚಳ ತೆಗೆಯುವ ‘ಟಕ್’ ಸದ್ದೇ ಸಾಕು. ಹೆಚ್ಚು ನಗುವೂ ಅದರಲ್ಲೇ ಇದೆ.

ಹಂತ 11: ಗೆರೆ, ಸ್ಕ್ಯಾನ್, ಅಚ್ಚು

ಅಚ್ಚಾಗುವ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬಿಡಿಸಿ. 0.5 ಮಿಲಿಮೀಟರ್ ಪೆನ್ನಿನ ಗೆರೆ ಇಳಿದ ಮೇಲೆ 0.33 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಪಾಯಿಂಟ್ ಆಗುತ್ತದೆ, ಹದವಾದ ದಪ್ಪ. ಕಾಲು ಪಾಯಿಂಟಿಗಿಂತ ತೆಳ್ಳಗಾದರೆ ಅಚ್ಚಿನಲ್ಲಿ ಅಲ್ಲಲ್ಲಿ ಮಾಯವಾಗುತ್ತದೆ. ಎಲ್ಲ ಚಿತ್ರಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು. ಒಂದನ್ನು ಶೇ. 66ಕ್ಕೆ, ಇನ್ನೊಂದನ್ನು ಶೇ. 40ಕ್ಕೆ ಇಳಿಸಿದರೆ ಎರಡು ಬೇರೆ ಕೈ ಬಿಡಿಸಿದಂತೆ ಕಾಣುತ್ತದೆ.

ಸ್ಕ್ಯಾನ್ ಮಾಡುವಾಗ ಬರೀ ಕಪ್ಪು ಗೆರೆಯಾದರೆ ಕನಿಷ್ಠ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಸಾಧ್ಯವಾದರೆ 1200. ಬೂದಿ ಛಾಯೆ ಇದ್ದರೆ 300 ಸಾಕು. ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಿಂದ ಅಚ್ಚು ಮಾಡಬೇಡಿ, ಅಂಚುಗಳು ಮಸುಕಾಗುತ್ತವೆ. ಕಾಗದ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಆದರೆ ದೊಡ್ಡ ಕಪ್ಪು ಭಾಗ ಹಿಂಬದಿಗೆ ಕಾಣುತ್ತದೆ. 80ಕ್ಕೆ ಏರಿಸಿ ಅಥವಾ ಕಪ್ಪು ತುಂಬುವ ಬದಲು ಅಡ್ಡಗೆರೆ ಎಳೆಯಿರಿ. ಒಳ ಅಂಚು 18 ಮಿಲಿಮೀಟರ್ ಬಿಡಿ, ಅಂಚು ದಾಟುವ ಚಿತ್ರಕ್ಕೆ ಹೊರಗೆ 3 ಮಿಲಿಮೀಟರ್ ಹೆಚ್ಚು ಇರಲಿ. ಇಲ್ಲದಿದ್ದರೆ ಅಂಚಿನ ಗೀಚು ಹೊಲಿಗೆಯಲ್ಲಿ ಹೋಗುತ್ತದೆ, ಕತ್ತರಿಸಿದಲ್ಲಿ ಬಿಳಿ ಗೆರೆ ಉಳಿಯುತ್ತದೆ.

ಅಚ್ಚಿಗೆ ಕೊಡುವ ಮೊದಲು ಐದಾರು ಮಕ್ಕಳ ಕೈಗೆ ಜೆರಾಕ್ಸ್ ಪ್ರತಿ ಕೊಡಿ. ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಅನ್ನುತ್ತಾರೆ. ಸುಮ್ಮನೆ ಕೂತು ನೋಡಿ. ಯಾವ ಪುಟದಲ್ಲಿ ನಕ್ಕರು, ಎಲ್ಲಿ ಹಿಂದಿನ ಪುಟಕ್ಕೆ ತಿರುವಿದರು, ಯಾವ ಚಿತ್ರವನ್ನು ಪಕ್ಕದವನಿಗೆ ತೋರಿಸಿದರು ಎಂದು ಗುರುತು ಹಾಕಿ. ಹಿಂದೆ ತಿರುವಿದ್ದು ಗೊಂದಲದಿಂದಾದರೆ ವಾಕ್ಯ ತಿದ್ದಿ. ಮರೆತ ಕೊಡೆಯನ್ನು ಹುಡುಕಲು ತಿರುವಿದರೆ ಏನನ್ನೂ ಮುಟ್ಟಬೇಡಿ.

ಪ್ರೂಫ್ ಬಂದ ಮೇಲೆ ಒಂದು ಎಚ್ಚರ. ಅರ್ಪಣೆಗೆಂದೋ ಮುನ್ನುಡಿಗೆಂದೋ ಕೊನೆ ಗಳಿಗೆಯಲ್ಲಿ ಮುಂದೆ ಒಂದು ಪುಟ ಸೇರಿಸಿದರೆ ಎಡದ ಪುಟಗಳೆಲ್ಲ ಬಲಕ್ಕೆ ಬೀಳುತ್ತವೆ, ತಿರುವಿಗೆಂದು ಕಾಯಿಸಿಟ್ಟ ಜೋಕುಗಳೆಲ್ಲ ಒಂದೇ ಏಟಿಗೆ ಬಯಲಾಗುತ್ತವೆ. ಸೇರಿಸಲೇಬೇಕಾದರೆ ಎರಡು ಪುಟ ಸೇರಿಸಿ.